ಅಳಿಸಿದ ತುಣುಕು

ಟಿವಿಯಲ್ಲಿ ಮದುಮಗ ಮದುಮಗಳ ಕೈ ತಿರುಚುತ್ತಿದ್ದಾಗಲೇ, ಅದೇ ಮದುಮಗ ಬಂದು ಸ್ನೇಹಲತಾಳ ಬೆನ್ನ ಹಿಂದೆ ನಿಂತ. ಕದ್ರಿಯ ಆ ವೀಡಿಯೊ ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ಮದುವೆಯ ದಿನ ವೀಡಿಯೊ ತೆಗೆಯಲು ಹೋಗಿದ್ದ ಅವಳ ಅಣ್ಣ ಗುಣಪಾಲ ಊಟಕ್ಕೆ ಹೋಗುವಾಗ ಕ್ಯಾಮೆರಾವನ್ನು ನಿಲ್ಲಿಸಲು ಮರೆತು ಕುರ್ಚಿಯ ಮೇಲಿಟ್ಟಿದ್ದ. ಅದು ತನ್ನ ಪಾಡಿಗೆ ಎಲ್ಲವನ್ನೂ ಹಿಡಿದಿತ್ತು. ಹಸಿರು ಬಳೆಗಳು ಚೂರಾದವು. "ಮನೆಗೆ ಬಾ, ಉಂಟು ನಿನಗೆ" ಎಂದ ಟಿವಿಯೊಳಗಿನ ಚಿತ್ತರಂಜನ.

"ಎಂತ ನೋಡ್ತಾ ಇದ್ದೀರಿ?" ಟಿವಿಯ ಹೊರಗಿದ್ದವನು ಮೆಲ್ಲಗೆ ಕೇಳಿ, ಬಾಗಿಲಿನ ಚಿಲಕ ಹಾಕಿದ. "ಅಷ್ಟನ್ನು ಅಳಿಸಿ. ಈಗಲೇ, ನನ್ನೆದುರು."

ಅವಳು ಟೇಪನ್ನು ಹಿಂದಕ್ಕೆ ಓಡಿಸಿ, ರೆಕಾರ್ಡ್ ಗುಂಡಿ ಒತ್ತಿದಳು. ಕೈ, ಬಳೆ, ಮಾತು ಎಲ್ಲ ಅಳಿಸಿಹೋಗಿ ಪರದೆ ಕಪ್ಪಾಯಿತು. ಅವನು ತಾನೇ ಕ್ಯಾಸೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಿನತ್ತ ತಿರುಗಿದ.

ಒಂದೇ ಕ್ಯಾಸೆಟ್ಟನ್ನು ಮತ್ತೆ ಮತ್ತೆ ಓಡಿಸಿದರೆ ಟೇಪ್ ಸವೆಯುತ್ತದೆ, ಹೊತ್ತೂ ಹಾಳು. ಅದಕ್ಕೇ ಸ್ನೇಹಲತಾ ಮೊದಲ ಸಲ ನೋಡುವಾಗಲೇ ಪಕ್ಕದ ಇನ್ನೊಂದು ವಿ.ಸಿ.ಆರ್.ನಲ್ಲಿ ಪ್ರತಿ ತೆಗೆದುಕೊಳ್ಳುತ್ತಿದ್ದಳು. ಕತ್ತರಿಸಿ ಜೋಡಿಸುವ ಕೆಲಸವೆಲ್ಲ ಆ ಪ್ರತಿಯಿಂದಲೇ. ಆ ವಿ.ಸಿ.ಆರ್. ಈಗಲೂ ರೆಕಾರ್ಡ್ ಮಾಡುತ್ತಿತ್ತು. ಚಿಲಕಕ್ಕೆ ಕೈಯಿಟ್ಟ ಚಿತ್ತರಂಜನ ಥಟ್ಟನೆ ಹಿಂದಿರುಗಿ ನೋಡಿದ.

"ಆ ಕೆಂಪು ಲೈಟ್ ಎಂತದ್ದು?"

ಅವಳು ಮೊದಲ ಬಾರಿಗೆ ಅವನ ಮುಖವನ್ನು ನೇರವಾಗಿ ನೋಡಿದಳು.

"ಕರೆಂಟ್ ಉಂಟು ಅಂತ ತೋರಿಸುವುದು."