ಬರೆದವರ ಉದ್ದೇಶ

ಅಮೆರಿಕನ್ ಸಾಹಿತ್ಯ ಕಲಿಸುವ ಸರ್ವಮಂಗಳಾ ಮೇಡಂ ಅವರ ಪಾಠ ಸರಿಯಿಲ್ಲವೆಂದು ಪ್ರಿನ್ಸಿಪಾಲರಿಗೆ ಮೂಗರ್ಜಿ ಬಂದಿತ್ತು. ಕೆಳಗೆ 'ನೊಂದ ವಿದ್ಯಾರ್ಥಿಗಳು' ಎಂದಿದೆಯಂತೆ. ಉಂಡ ಮನೆಗೆ ಎರಡು ಬಗೆದರಲ್ಲ ಈ ಮಕ್ಕಳು ಎಂದುಕೊಂಡರು ಮೇಡಂ. ಅರ್ಜಿಯನ್ನು ಇಸಿದುಕೊಂಡು ನೇರ ತರಗತಿಗೇ ಬಂದರು.

"ಇವತ್ತು ಕಥೆ ಬೇಡ, ಇದನ್ನ ಓದಿ. ಬರೆದೋರು ಯಾರು, ಅವರ ಉದ್ದೇಶ ಏನು, ನಾನು ಕಲಿಸಿದ ಹಾಗೇ ಬಿಡಿಸಿ ಹೇಳಿ."

ಮುಂದಿನ ಬೆಂಚಿನ ರುಬೀನಾ ಎದ್ದು ಓದಿದಳು: "ಇವರಿಗೆ ಕಣ್ಣು ಕಾಣುವುದಿಲ್ಲ. ಪುಸ್ತಕ ಹಿಡಿದು ಓದುವಂತೆ ನಟಿಸುತ್ತ ಬಾಯಿಪಾಠ ಒಪ್ಪಿಸುತ್ತಾರೆ. ಈ ವಿಷಯವನ್ನು ಬೇರೆಯವರಿಗೆ ಕೊಡಿ."

ಓದಿ ಮುಗಿಸಿ ತಲೆ ತಗ್ಗಿಸಿದಳು. "ನಿಮ್ಮ ವಿಷಯ ತಾವೇ ಕಲಿಸ್ಬೇಕು ಅನ್ನೋರು ಬರ್ದಿದಾರೆ ಮೇಡಂ. ನಾವಲ್ಲ."

"ನೀವಲ್ಲ ಅಂತ ಹೇಗೆ ಹೇಳ್ತೀಯ?"

"ನಿಮ್ಗೆ ಕಣ್ಣು ಕಾಣಲ್ಲ ಅಂತ ನಮಗೆ ಗೊತ್ತಾಗಿದ್ದೇ ಈಗ."

ಮೇಡಂ ಅರ್ಜಿಯನ್ನು ಮಡಿಸಿ ಪುಸ್ತಕದೊಳಗಿಟ್ಟರು. ಗಂಟೆ ಹೊಡೆದ ಮೇಲೆ ಸ್ಟಾಫ್ ರೂಮಿಗೆ ಬಂದು ಕುಳಿತರು. ಅದೇ ವಿಭಾಗದಲ್ಲಿ ಇಂಗ್ಲಿಷ್ ಕಲಿಸುವ ಇಂದುಮತಿ, ಯಾರೂ ನೋಡದಿರಲೆಂದು ದಿನದಂತೆ ಬಾಗಿಲು ಮುಚ್ಚಿ, ಔಷಧಿಯ ಸೀಸೆ ತೆಗೆದು, ಅವರ ಗಲ್ಲ ಹಿಡಿದೆತ್ತಿದಳು.

"ಕಣ್ಣು ಬಿಡಿ ಅಕ್ಕ. ಎರಡೇ ಹನಿ."