ಚುಚ್ಚುಮಾತು

ಬರೀ ಚುಚ್ಚುಮದ್ದಿಗೆ ಈಗ ಯಾರ ಮೈಯೂ ಎಚ್ಚೆತ್ತುಕೊಳ್ಳುವುದಿಲ್ಲ. ಸೂಜಿ ಇಳಿಯುವಾಗ ಹತ್ತಿರದವರೊಬ್ಬರು ಸುಳ್ಳುಸುಳ್ಳೇ ಒಂದು ಚುಚ್ಚುಮಾತು ಆಡಬೇಕು. ಆಮೇಲೆ "ಸುಳ್ಳು ಕಣೇ" ಎಂದು ಬಾಯಿಗೆ ಬೆಲ್ಲ ಹಾಕಬೇಕು. ಪಂಕಜಾಕ್ಷಿಗೆ ಅಕ್ಕ ಕುಮುದಾ ಪ್ರತಿ ವರ್ಷ, "ನಿನ್ನ ಸಾರು ನಾಯಿನೂ ಮೂಸಲ್ಲ" ಅನ್ನುತ್ತಿದ್ದಳು. ಕೇಳಿ ಕೇಳಿ ಮಾತು ಹಳಸಿ, ಹೋದ ವರ್ಷ ಮದ್ದೇ ನಾಟಿರಲಿಲ್ಲ.

ಈ ಸಲ ಸೂಜಿ ಇಳಿಯುತ್ತಿದ್ದಂತೆ ಕುಮುದಾ ಕಿವಿಯ ಬಳಿ ಬಗ್ಗಿದಳು. "ಅಮ್ಮ ಸಾಯೋವಾಗ ನಿನ್ನನ್ನೇ ಕೇಳ್ತಿದ್ಲು. ನಾನೇ ನಿಂಗೆ ಫೋನ್ ಮಾಡ್ಲಿಲ್ಲ."

ತೋಳು ಕೆಂಪಗೆ ಊದಿಕೊಂಡಿತು. ಅಕ್ಕ ತಂಗಿಯ ಬಾಯಿಗೆ ಬೆಲ್ಲ ಹಾಕಿ ಕೈ ಒರೆಸಿಕೊಂಡಳು.

"ಸುಳ್ಳು ಅಂತ ಹೇಳಕ್ಕಾ."

ಕುಮುದಾ ಮುಖ ತಿರುಗಿಸಿದಳು.

ನರ್ಸಮ್ಮ ಊತ ಮುಟ್ಟಿ ನೋಡಿ ಹಿಗ್ಗಿದಳು. "ಚೆನ್ನಾಗಿ ನಾಟಿದೆ! ಜೀವ ಇರೋವರ್ಗೂ ಮೈ ಇದನ್ನ ಮರೆಯಲ್ಲ ಬಿಡಿ."