ಹಿಮ್ಮಡಿಯ ರಬ್ಬರು

ಇಳಿಜಾರಿನ ನಡುವೆ ತಂಗಿ ಬಲಗಾಲಿನ ತುದಿ ಎತ್ತಿ ಹಿಮ್ಮಡಿ ಒತ್ತಿದಳು. ಬ್ರೇಕಿನ ರಬ್ಬರು ನೆಲಕ್ಕೆ ತಾಗಲಿಲ್ಲ. ಇನ್ನೂ ಜೋರಾಗಿ ಒತ್ತಿದಳು. ಸ್ಕೇಟಿನ ಚಕ್ರಗಳು ಹಗ್ಗ ಕಿತ್ತ ಹೋರಿಯಂತೆ ಓಡುತ್ತಲೇ ಇದ್ದವು. ಇಳಿಜಾರು ಮುಗಿಯುವಲ್ಲಿ ರಸ್ತೆ, ರಸ್ತೆಯ ತುಂಬ ಬಸ್ಸು.

"ಹುಲ್ಲಿಗೆ ತಿರುಗೇ, ಹುಲ್ಲಿಗೆ," ಮೇಲಿನಿಂದ ಅಕ್ಕ ಅರಚಿದಳು.

ವಾರದಿಂದ ಇಬ್ಬರೂ ಮಾತು ಬಿಟ್ಟಿದ್ದರು. ಅಕ್ಕ ಹೇಳಿದಂತೆ ಕೇಳುವುದೆಂದರೆ ತಂಗಿಗೆ ಮೈಯೆಲ್ಲ ಉರಿ. ಆದರೂ ಮಂಡಿ ಬಗ್ಗಿಸಿ ಪಕ್ಕದ ಹುಲ್ಲಿಗೆ ನುಗ್ಗಿ ಬೋರಲು ಬಿದ್ದಳು. ಮಣಿಕಟ್ಟಿನ ಗಾರ್ಡು, ಮೊಣಕಾಲಿನ ಪ್ಯಾಡು ಮಣ್ಣು ಕೆರೆದವು. ಮೂಳೆ ಉಳಿಯಿತು.

ಅಕ್ಕ ಚಪ್ಪಲಿಯಲ್ಲೇ ದಡದಡನೆ ಇಳಿದು ಬಂದು, ಜೇಬಿನಿಂದ ಕಪ್ಪು ರಬ್ಬರಿನ ತುಂಡು ತೆಗೆದು ತೋರಿಸಿದಳು. "ನಿನ್ನೆ ನಾನೇ ಬಿಚ್ಚಿಟ್ಟೆ. ನಂಗೆ ಬ್ರೇಕು ಬೇಕಾಗಲ್ಲ."

"ನಾನು ಲೇಸು ಕಟ್ಕೊಳ್ಳೋವಾಗ ಪಕ್ಕದಲ್ಲೇ ನಿಂತಿದ್ಯಲ್ಲ. ಆಗ ಬಾಯಿಗೆ ಬೀಗ ಹಾಕಿತ್ತಾ?"

"ಸ್ಕೇಟು ನಂದು. ಕೇಳಿ ಹಾಕ್ಕೊಂಡಿದ್ರೆ ಹೇಳ್ತಿದ್ದೆ."

ತಂಗಿ ಏಳಲೆಂದು ಕೈ ಚಾಚಿದಳು. ಅಕ್ಕ ಬಗ್ಗಿದಳು. ಚಾಚಿದ ಕೈಯನ್ನು ಪಕ್ಕಕ್ಕೆ ಸರಿಸಿ, ಸ್ಕೇಟಿನ ಲೇಸು ಬಿಚ್ಚತೊಡಗಿದಳು.